ಎರಿ ಹೊಲದ ದಾರಿಗೆ ಎಂಥ ಟೈರು?

(ರಾಯಚೂರು ತಾಲ್ಲೂಕಿನ ಮಟಮಾರಿಯಲ್ಲಿ ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ. ರೈತರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉತ್ತರ ಸಹಿತ ಕೊನೆಯಲ್ಲಿ ಕೊಟ್ಟಿದೆ.)



ಬೀಜ, ಗೊಬ್ಬರ, ಔಷಧಿಗಳ ಬಗ್ಗೆ ನಾವು ಮೇಲಿಂದ ಮೇಲೆ ಮಾತನಾಡುತ್ತೇವೆ. ಬೆಳೆದ ಮಾಲು ಹೊಲದಿಂದ ಡಾಂಬರು ರಸ್ತೆಯವರೆಗೆ ಬರುವ ದಾರಿಯ ಬಗ್ಗೆ ಮಾತನಾಡುವುದು ಕಡಿಮೆ. ಹತ್ತಿ ಬಿಡಿಸುವ ಕಾಲಕ್ಕೆ ಅಕಾಲದ ಮಳೆ ಬಿದ್ದರೆ ಆ ಒಂದೆರಡು ಮೈಲಿ ದಾರಿಯೇ ದೊಡ್ಡ ಅಡ್ಡಿಯಾಗುತ್ತದೆ. ತೊಯ್ದ ಹತ್ತಿಗೆ ಪೇಟೆಯಲ್ಲಿ ದರ ಬೀಳುತ್ತದೆ. ಮನೆಯಲ್ಲಿ ಹೆರಿಗೆ ಬೇನೆ ಬಂದ ಹೆಣ್ಣುಮಗಳಿದ್ದರೆ, ಹಾವು ಕಡಿದವರಿದ್ದರೆ, ಆ ದಾರಿ ಜೀವದ ಪ್ರಶ್ನೆಯೇ ಆಗುತ್ತದೆ. 2009ನೇ ಇಸವಿಯ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ವಾರದ ಮಹಾಮಳೆಯಲ್ಲಿ ನಮ್ಮ ಜಿಲ್ಲೆಯ ದಾರಿಗಳು ಏನಾದವೆಂಬುದನ್ನು ಕಂಡವರು ಇಲ್ಲಿ ಬಹಳ ಜನ ಇದ್ದೀರಿ.

ಈ ಕಾರಣಕ್ಕೆ ಅನೇಕ ರೈತರು ನಾಲ್ಕೂ ಗಾಲಿಗೆ ಎಂಜಿನ್ನಿನ ಶಕ್ತಿ ಹೋಗುವ ವಾಹನವನ್ನು, ಅಂದರೆ ಫೋರ್ ವೀಲ್ ಡ್ರೈವ್ ಜೀಪನ್ನೋ ಪಿಕಪ್ಪನ್ನೋ ಕೊಳ್ಳುತ್ತಾರೆ. ಕೆಲವರು ಹಳೆಯ ಜೀಪು, ಜಿಪ್ಸಿಗಳನ್ನು ಕೊಂಡು ದುರಸ್ತಿ ಮಾಡಿಸಿಕೊಳ್ಳುತ್ತಾರೆ. ವಾಹನಕ್ಕೆ ಲಕ್ಷಗಟ್ಟಲೆ ಸುರಿದ ಮೇಲೆ ಟೈರಿನ ವಿಷಯದಲ್ಲಿ ಎರಡು ಬಗೆಯ ತಪ್ಪು ನಡೆಯುವುದು ಕಂಡುಬರುತ್ತದೆ. ಒಂದು, ಸವೆದು ನುಣ್ಣಗಾದ ಟೈರಿನಲ್ಲೇ ಇನ್ನೊಂದು ಹಂಗಾಮು ಕಳೆಯುವುದು. ಇನ್ನೊಂದು, ನೋಡಲು ಗಂಡು ಎನಿಸುವ ದೊಡ್ಡ ಬಟನ್ನಿನ ಭಾರಿ ಟೈರಿಗೆ ಸಾಲ ಮಾಡಿ ದುಡ್ಡು ಹಾಕುವುದು. ಇವೆರಡರ ನಡುವೆ ಕಡಿಮೆ ಖರ್ಚಿನ, ಸರಿಯಾದ ದಾರಿಯೊಂದು ಇದೆ. ಅದನ್ನು ತಿಳಿಸುವುದೇ ಈ ಮಾತಿನ ಉದ್ದೇಶ.

ಮೊದಲು ನೆಲ, ಆಮೇಲೆ ಟೈರು

ಬೀಜ ಕೊಳ್ಳುವ ಮೊದಲು ಮಣ್ಣು ನೋಡುತ್ತೀರಿ. ಟೈರಿಗೂ ಅದೇ ಮಾತು. ರಾಯಚೂರು, ಮಾನ್ವಿ, ದೇವದುರ್ಗ ತಾಲ್ಲೂಕುಗಳು ಈಶಾನ್ಯ ಒಣ ವಲಯಕ್ಕೆ ಸೇರಿದವು. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಈ ಸೀಮೆಯಲ್ಲಿ ವಾಹನ ಓಡಿಸುವವನಿಗೆ ನಾಲ್ಕು ಬಗೆಯ ನೆಲ ಸಿಗುತ್ತದೆ.

1. ಎರಿ ನೆಲ: ಇದರಲ್ಲಿ ಜೇಡಿಯ ಅಂಶ ಬಹಳ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹಸಿಯಾದಾಗ ಟೈರಿಗೆ ಅಂಟಿ, ಸಾಲುಗಳಲ್ಲಿ ತುಂಬಿಕೊಂಡು, ಗಾಲಿಯನ್ನು ಮಣ್ಣಿನ ಉಂಡೆಯನ್ನಾಗಿ ಮಾಡುತ್ತದೆ.

2. ಮಸಾರಿ ಮತ್ತು ಗರಸು ನೆಲ: ನೀರು ಬೇಗ ಬಸಿಯುತ್ತದೆ. ಮೇಲೆ ತೆಳುವಾಗಿ ರಾಡಿಯಾದರೂ ಕೆಳಗೆ ಗಟ್ಟಿ ತಳ ಸಿಗುತ್ತದೆ. ಇಲ್ಲಿ ಟೈರಿಗೆ ಶತ್ರು ಚೂಪುಗಲ್ಲು.

3. ಗದ್ದೆ ನೆಲ: ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಪ್ರದೇಶ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ನೀರಾವರಿ ಪ್ರದೇಶ. ಇಲ್ಲಿ ಮಳೆಯಿಲ್ಲದ ದಿನವೂ ಕಾಲುವೆ ಬದಿಯ ದಾರಿ ಹಸಿಯಾಗಿರಬಹುದು.

4. ಹಳ್ಳ ಮತ್ತು ಹೊಳೆದಂಡೆಯ ಮರಳು: ಒಣಗಿದ್ದಾಗಲೇ ಗಾಲಿ ಹೂತುಹೋಗುವ ನೆಲ.

ಇವುಗಳ ಜೊತೆಗೆ ಐದನೆಯದು ಡಾಂಬರು ರಸ್ತೆ. ಲೆಕ್ಕ ಹಾಕಿದರೆ ನಿಮ್ಮ ವಾಹನ ಹೆಚ್ಚು ಮೈಲಿ ಓಡುವುದು ಈ ಐದನೆಯದರ ಮೇಲೆಯೇ. ನಮ್ಮಲ್ಲಿ ವರ್ಷದ ಮಳೆ ಸುಮಾರು 600 ಮಿ.ಮೀ. ಆಸುಪಾಸು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ. ವರ್ಷದ ಉಳಿದ ದಿನಗಳಲ್ಲಿ ದಾರಿ ಒಣಗಿಯೇ ಇರುತ್ತದೆ. ಆದ್ದರಿಂದ ಟೈರು ಕೊಳ್ಳುವ ಮುಂಚೆ ಒಂದು ಕಾಗದದ ಮೇಲೆ ಬರೆಯಿರಿ: ತಿಂಗಳಿಗೆ ಡಾಂಬರಿನ ಮೇಲೆ ಎಷ್ಟು ಕಿಲೋಮೀಟರು, ಗರಸು ದಾರಿಯಲ್ಲಿ ಎಷ್ಟು, ಹಸಿ ಎರಿಯಲ್ಲಿ ಎಷ್ಟು? ನಿಮ್ಮ ಟೈರು ಯಾವುದೆಂದು ಆ ಕಾಗದವೇ ಹೇಳುತ್ತದೆ.

ಟೈರು ನೆಲ ಹಿಡಿಯುವ ಬಗೆ

ಹಳೆಯ ಕಟ್ಟಿಗೆ ಗಾಲಿಯ ಬಂಡಿಯನ್ನೂ ಟೈರಿನ ಬಂಡಿಯನ್ನೂ ನೀವು ಬಲ್ಲಿರಿ. ಅದೇ ಎತ್ತು, ಅದೇ ಹೇರು. ಕಬ್ಬಿಣದ ಹಳಿಯ ಗಾಲಿ ಹಸಿ ನೆಲವನ್ನು ಚಾಕುವಿನಂತೆ ಕೊಯ್ದು ಇಳಿಯುತ್ತದೆ. ಟೈರಿನ ಗಾಲಿ ಮೇಲೆ ತೇಲಿದಂತೆ ಹೋಗುತ್ತದೆ. ಹಳಿ ನೆಲವನ್ನು ಮುಟ್ಟುವ ಜಾಗ ಕಿರಿದು, ಟೈರು ಮುಟ್ಟುವ ಜಾಗ ಅಗಲ. ಟ್ರಾಕ್ಟರ್‌ಗಳಿಗೂ ಮೊದಮೊದಲು ಕಬ್ಬಿಣದ ಗಾಲಿಗಳೇ ಇದ್ದವು. ಗಾಳಿ ತುಂಬಿದ ಟೈರು ಅವುಗಳಿಗೆ ಬಂದದ್ದು ಅಮೆರಿಕದಲ್ಲಿ 1930ರ ದಶಕದ ಆರಂಭದಲ್ಲಿ.

ಈ ತತ್ವವನ್ನು ಲೆಕ್ಕದಲ್ಲಿ ನೋಡೋಣ. ಒಂದು ಗಾಲಿಯ ಮೇಲೆ 450 ಕಿಲೋ ಭಾರವಿದೆ ಎನ್ನಿ. ಟೈರಿನಲ್ಲಿ 30 ಪೌಂಡು ಗಾಳಿಯಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ ಒತ್ತಡ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 214 ಚದರ ಸೆಂ.ಮೀ. ಅದೇ ಟೈರಿನ ಗಾಳಿಯನ್ನು 18 ಪೌಂಡಿಗೆ ಇಳಿಸಿದರೆ ಆ ಜಾಗ ಸುಮಾರು 355 ಚದರ ಸೆಂ.ಮೀ. ಆಗುತ್ತದೆ. ಟೈರಿನ ಪಕ್ಕೆಯ ಗಟ್ಟಿತನದಿಂದ ಈ ಲೆಕ್ಕ ಸ್ವಲ್ಪ ಅತ್ತಿತ್ತ ಆಗಬಹುದು, ಆದರೆ ತತ್ವ ಇದೇ. ಹೊಸ ಟೈರು ಕೊಳ್ಳದೆ, ಒಂದು ಪೈಸೆ ಖರ್ಚಿಲ್ಲದೆ, ನೆಲದ ಮೇಲಿನ ಹಿಡಿತವನ್ನು ಹೆಚ್ಚಿಸಿಕೊಳ್ಳುವ ಉಪಾಯ ಇದು. ಇದರ ಎಚ್ಚರಿಕೆಗಳನ್ನು ಮುಂದೆ ಹೇಳುತ್ತೇನೆ.

ಮೂರು ಜಾತಿಯ ಟೈರುಗಳು

ನೆಲವನ್ನು ಮುಟ್ಟುವ ಮೈಯಲ್ಲಿರುವ ಉಬ್ಬುಗಳಿಗೆ ಬಟನ್ ಎನ್ನುತ್ತಾರೆ. ಬಟನ್ನುಗಳ ನಡುವಣ ತಗ್ಗನ್ನು ನಾವು ಸಾಲು ಎನ್ನೋಣ. ಬಟನ್ ಮತ್ತು ಸಾಲುಗಳ ರಚನೆಯ ಮೇಲೆ ಜೀಪು, ಪಿಕಪ್ಪುಗಳ ಟೈರನ್ನು ಮೂರು ಜಾತಿಯಾಗಿ ವಿಂಗಡಿಸಬಹುದು.

ಮೊದಲನೆಯದು ರಸ್ತೆಯ ಟೈರು, ಅಂಗಡಿಯಲ್ಲಿ ಎಚ್.ಟಿ. ಎನ್ನುತ್ತಾರೆ. ಸಾಲುಗಳು ಕಿರಿದು, ಆಳ ಕಡಿಮೆ. ಡಾಂಬರಿನ ಮೇಲೆ ಸದ್ದಿಲ್ಲದೆ ಓಡುತ್ತದೆ, ಡೀಸೆಲ್ ಉಳಿಸುತ್ತದೆ, ಬಹುಕಾಲ ಬಾಳುತ್ತದೆ. ಹಸಿ ಎರಿಯಲ್ಲಿ ನಾಲ್ಕು ಸುತ್ತಿಗೇ ಸಾಲು ತುಂಬಿ ನುಣ್ಣಗಾಗುತ್ತದೆ.

ಎರಡನೆಯದು ಎಲ್ಲ ನೆಲದ ಟೈರು, ಇದಕ್ಕೆ ಎ.ಟಿ. ಎಂದು ಹೆಸರು. ಬಟನ್ನುಗಳು ದಪ್ಪ, ಸಾಲುಗಳು ಅಗಲ. ಡಾಂಬರಿಗೂ ನಡೆಯುತ್ತದೆ, ಗರಸು, ಕಲ್ಲುದಾರಿ, ಮರಳು, ಹದವಾದ ಹಸಿ ನೆಲಕ್ಕೂ ನಡೆಯುತ್ತದೆ.

ಮೂರನೆಯದು ಕೆಸರಿನ ಟೈರು, ಎಂದರೆ ಎಂ.ಟಿ. ಬಟನ್ನುಗಳು ದೊಡ್ಡವು, ದೂರದೂರ. ಸಾಲು ಬಹಳ ಆಳ. ಗಾಲಿ ತಿರುಗಿದಾಗ ಸಾಲಿನಲ್ಲಿನ ಮಣ್ಣು ಸಿಡಿದು ಹೊರಹೋಗಿ ಟೈರು ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುತ್ತದೆ. ಕೆಸರಿನಲ್ಲಿ ಇದಕ್ಕೆ ಸಮನಿಲ್ಲ. ಆದರೆ ಡಾಂಬರಿನ ಮೇಲೆ ಗುಂಯ್ ಎನ್ನುತ್ತದೆ, ಬೇಗ ಸವೆಯುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ತೊಯ್ದ ಡಾಂಬರಿನ ಮೇಲೆ ಬ್ರೇಕು ಹಾಕಿದರೆ ಎಚ್.ಟಿ., ಎ.ಟಿ.ಗಳಿಗಿಂತ ಮುಂದೆ ಹೋಗಿ ನಿಲ್ಲುತ್ತದೆ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಚೆನ್ನಾಗಿ ನೆನೆದ ಆಳವಾದ ಎರಿಯಲ್ಲಿ ಎಂ.ಟಿ. ಟೈರು ಕೂಡ ಸೋಲುತ್ತದೆ. ಅಂಟು ಮಣ್ಣು ಅದರ ಸಾಲನ್ನೂ ತುಂಬುತ್ತದೆ. ಹೆಚ್ಚು ಹಣ ಕೊಟ್ಟರೆ ಎರಿಯನ್ನು ಗೆಲ್ಲಬಹುದು ಎಂಬ ಭ್ರಮೆ ಬೇಡ. ಆದ್ದರಿಂದ ನಮ್ಮ ಸೀಮೆಯ ಹೆಚ್ಚಿನ ರೈತರಿಗೆ, ಡಾಂಬರು ಮತ್ತು ಕಚ್ಚಾ ದಾರಿಗಳೆರಡರಲ್ಲೂ ಓಡಾಡುವವರಿಗೆ, ಮಧ್ಯಮ ದರದ ಎ.ಟಿ. ಟೈರೇ ಸೂಕ್ತ. ತಿಂಗಳುಗಟ್ಟಲೆ ಗದ್ದೆ ಬಯಲಿನಲ್ಲೇ ತಿರುಗುವ ವಾಹನಕ್ಕೆ ಮಾತ್ರ ಎಂ.ಟಿ. ವಿಚಾರ ಮಾಡಬಹುದು.

ಅಗಲ ಟೈರೋ, ಕಿರಿದು ಟೈರೋ?

ಹಳೆಯ ಜೀಪುಗಳಿಗೆ 6.00–16 ಅಳತೆಯ ಕಿರಿದಾದ ಟೈರು ಇರುತ್ತಿತ್ತು. ಮಸಾರಿ, ಗರಸು ನೆಲದ ತೆಳುವಾದ ರಾಡಿಯನ್ನು ಅದು ಕೊಯ್ದುಕೊಂಡು ಕೆಳಗಿನ ಗಟ್ಟಿ ತಳವನ್ನು ಹಿಡಿಯುತ್ತದೆ. ತಳವೇ ಸಿಗದ ಎರಿಯಲ್ಲಿ ಮತ್ತು ಮರಳಿನಲ್ಲಿ ಅಗಲ ಟೈರು ಮೇಲು. ಆದರೂ ವಾಹನ ತಯಾರಿಸಿದವರು ಸೂಚಿಸಿದ ಅಳತೆಯನ್ನು ಬಿಟ್ಟು ದೂರ ಹೋಗಬೇಡಿ. ಟೈರು ದೊಡ್ಡದಾದಂತೆ ಸ್ಟೇರಿಂಗು ಭಾರವಾಗುತ್ತದೆ, ಬೇರಿಂಗು ಮತ್ತು ಎಕ್ಸೆಲ್‌ಗಳಿಗೆ ಹೊರೆ, ಬ್ರೇಕಿನ ಹಿಡಿತ ಕಡಿಮೆ. ನೋಂದಣಿಯಲ್ಲಿರುವುದಕ್ಕಿಂತ ಬೇರೆಯಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ನಿರ್ಬಂಧಿಸುತ್ತದೆ. ವಿಮೆಯ ಹಣ ಕೇಳುವಾಗಲೂ ತೊಡಕಾಗಬಹುದು.

ಲಾಭವಾದರೂ ಎಷ್ಟು? 215/75 ಆರ್ 15 ಅಳತೆಯ ಟೈರಿನ ಒಟ್ಟು ಎತ್ತರ ಸುಮಾರು 703 ಮಿ.ಮೀ.; 235/75 ಆರ್ 15ರ ಎತ್ತರ ಸುಮಾರು 733 ಮಿ.ಮೀ. ವ್ಯತ್ಯಾಸ 30 ಮಿ.ಮೀ. ಆದರೂ ವಾಹನದ ಹೊಟ್ಟೆ ನೆಲದಿಂದ ಮೇಲೇಳುವುದು ಅದರ ಅರ್ಧ, ಬರೀ 15 ಮಿ.ಮೀ. ಮೀಟರು 60 ತೋರಿಸಿದಾಗ ವಾಹನ ನಿಜವಾಗಿ 62ರ ಮೇಲೆ ಓಡುತ್ತಿರುತ್ತದೆ.

ನೈಲಾನ್ ಮತ್ತು ರೇಡಿಯಲ್

ನೈಲಾನ್ ಟೈರಿನಲ್ಲಿ ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾಯುತ್ತವೆ. ಪಕ್ಕೆ ದಪ್ಪ, ಕಲ್ಲು ಮುಳ್ಳುಗಳಿಗೆ ತಡೆ ಹೆಚ್ಚು, ಬೆಲೆ ಕಡಿಮೆ. ಆದರೆ ದೂರದ ಓಟದಲ್ಲಿ ಬೇಗ ಕಾಯುತ್ತದೆ. ರೇಡಿಯಲ್ ಟೈರಿನ ಪದರಗಳು ಅಡ್ಡಲಾಗಿ, ಮೇಲೆ ಉಕ್ಕಿನ ತಂತಿಯ ಪಟ್ಟಿಯೊಡನೆ ಇರುತ್ತವೆ. ತಂಪಾಗಿ ಓಡುತ್ತದೆ, ಹೆಚ್ಚು ಬಾಳುತ್ತದೆ, ಗಾಳಿ ಇಳಿಸಿದಾಗ ನೆಲದ ಮೇಲೆ ಚೆನ್ನಾಗಿ ಹರಡಿಕೊಳ್ಳುತ್ತದೆ. ಪಕ್ಕೆ ಮಾತ್ರ ನಾಜೂಕು. ಹೊಲ ಮತ್ತು ಊರಿನ ನಡುವೆ ನಿಧಾನವಾಗಿ ತಿರುಗುವ ಹಳೆಯ ಜೀಪಿಗೆ ನೈಲಾನ್ ಸಾಕು. ರಾಯಚೂರು ಪೇಟೆಗೆ ವಾರಕ್ಕೆ ಎರಡು ಮೂರು ಸಲ ಓಡುವ ವಾಹನಕ್ಕೆ ರೇಡಿಯಲ್ ಇರಲಿ. ಎರಡನ್ನೂ ಒಂದೇ ವಾಹನದಲ್ಲಿ ಬೆರೆಸಲೇಬಾರದು.

ಟೈರಿನ ಪಕ್ಕೆಯನ್ನು ಓದಿರಿ

ಬೀಜದ ಚೀಲದ ಚೀಟಿ ಓದುವಂತೆ ಟೈರಿನ ಪಕ್ಕೆಯನ್ನೂ ಓದಬೇಕು. ಅಲ್ಲಿ ಐದು ಸಂಗತಿಗಳಿವೆ.

ಅಳತೆ: 215/75 ಆರ್ 15 ಎಂದರೆ ಅಗಲ 215 ಮಿ.ಮೀ.; ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 75; ಆರ್ ಎಂದರೆ ರೇಡಿಯಲ್; ರಿಮ್ಮಿನ ಅಳತೆ 15 ಅಂಗುಲ.

ಭಾರದ ಅಂಕೆ: 100 ಎಂದಿದ್ದರೆ ಆ ಟೈರು 800 ಕಿಲೋ ಹೊರಬಲ್ಲದು, 104 ಎಂದಿದ್ದರೆ 900 ಕಿಲೋ. ಹೇರು ಹೊರುವ ಪಿಕಪ್ಪಿಗೆ ಈ ಅಂಕೆ ಮೂಲ ಟೈರಿನದಕ್ಕಿಂತ ಕಡಿಮೆ ಇರಲೇಬಾರದು. ನೈಲಾನ್ ಟೈರಿನಲ್ಲಿ 6 ಪಿ.ಆರ್., 8 ಪಿ.ಆರ್. ಎಂದು ಬಲದ ಗುರುತು ಇರುತ್ತದೆ.

ವೇಗದ ಅಕ್ಷರ: ಭಾರದ ಅಂಕೆಯ ಪಕ್ಕದ ಇಂಗ್ಲಿಷ್ ಅಕ್ಷರ. ಕ್ಯೂ ಎಂದರೆ ಗಂಟೆಗೆ 160, ಎಸ್ ಎಂದರೆ 180 ಕಿ.ಮೀ. ನಮ್ಮ ರಸ್ತೆಗಳಿಗೆ ಇದಕ್ಕಿಂತ ಹೆಚ್ಚಿನದಕ್ಕೆ ಹಣ ಕೊಡುವ ಅಗತ್ಯ ಕಡಿಮೆ. ಆದರೆ ತಯಾರಕರು ಸೂಚಿಸಿದ್ದಕ್ಕಿಂತ ಕೆಳಗೆ ಇಳಿಯಬಾರದು.

ಹುಟ್ಟಿದ ದಿನ: ನಾಲ್ಕು ಅಂಕೆಗಳ ಒಂದು ಗುರುತು. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ರಿಯಾಯಿತಿ ದರದ ಟೈರು ಎಂದರೆ ಮೊದಲು ಈ ಅಂಕೆಯನ್ನು ಹುಡುಕಿರಿ. ಅಂಗಡಿಯಲ್ಲಿ ನಾಲ್ಕು ವರ್ಷ ಮಲಗಿದ ಟೈರು ಅಗ್ಗವಲ್ಲ.

ಐ.ಎಸ್.ಐ. ಗುರುತು: ಇದು ಇಲ್ಲದ ಹೊಸ ಟೈರನ್ನು ಕೊಳ್ಳಬೇಡಿ. ರಸೀತಿಯನ್ನೂ ಗ್ಯಾರಂಟಿ ಕಾಗದವನ್ನೂ ಕೇಳಿ ಪಡೆಯತಕ್ಕದ್ದು.

ನಾಲ್ಕೂ ಗಾಲಿಗೆ ಒಂದೇ ಟೈರು

ಫೋರ್ ವೀಲ್ ವಾಹನಕ್ಕೆ ಇದು ಬಹು ಮುಖ್ಯ. ಜೀಪಿನಂಥ ವಾಹನಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಎಕ್ಸೆಲ್ಲೂ ಹಿಂದಿನ ಎಕ್ಸೆಲ್ಲೂ ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಮುಂದೆ ಸವೆದ ಟೈರು, ಹಿಂದೆ ಹೊಸ ಟೈರು ಇದ್ದರೆ ಸುತ್ತಳತೆ ಬೇರೆಬೇರೆ. ಒಂದು ಹೆಚ್ಚು ದೂರ ಹೋಗಬೇಕೆನ್ನುತ್ತದೆ, ಇನ್ನೊಂದು ಬಿಡುವುದಿಲ್ಲ. ಜೋಡೆತ್ತಿನಲ್ಲಿ ಒಂದು ಎಳೆದು ಇನ್ನೊಂದು ತಡೆದಂತೆ. ಕೆಸರಿನಲ್ಲಿ ಗಾಲಿ ಜಾರಿ ಈ ಜಗಳ ತೀರುತ್ತದೆ. ಗಟ್ಟಿ ನೆಲದ ಮೇಲೆ ಗಾಲಿ ಜಾರಲಾರದೆ ಗೇರು, ಶಾಫ್ಟು, ಕ್ರಾಸುಗಳ ಮೇಲೆ ತಿರುಚು ಬೀಳುತ್ತದೆ. ಹತ್ತಾರು ಸಾವಿರದ ದುರಸ್ತಿ ಬರುವುದು ಹೀಗೆ.

ಆದ್ದರಿಂದ ನಾಲ್ಕೂ ಟೈರು ಒಂದೇ ಅಳತೆ, ಒಂದೇ ಜಾತಿ, ಸರಿಸುಮಾರು ಒಂದೇ ಸವೆತದವು ಆಗಿರಬೇಕು. ಸ್ಟೆಪ್ನಿಯೂ ಅದೇ ಅಳತೆಯದಿರಲಿ. 8–10 ಸಾವಿರ ಕಿಲೋಮೀಟರಿಗೊಮ್ಮೆ ಸ್ಟೆಪ್ನಿ ಸೇರಿಸಿ ಐದನ್ನೂ ಜಾಗ ಬದಲಿಸಿದರೆ ಐದೂ ಸಮನಾಗಿ ಸವೆಯುತ್ತವೆ. ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ಓಡಿಸಬೇಡಿ. ಎರಡು ದುಬಾರಿ ಟೈರಿಗಿಂತ ನಾಲ್ಕು ಸಾಧಾರಣ ಟೈರು ಮೇಲು ಎಂಬುದನ್ನು ನೆನಪಿನಲ್ಲಿಡಿ.

ಖರ್ಚಿನ ಲೆಕ್ಕ

ಅಗ್ಗ ಯಾವುದು ಎಂಬುದನ್ನು ಅಂಗಡಿಯ ಬೆಲೆಯಿಂದ ಅಳೆಯಬಾರದು, ಕಿಲೋಮೀಟರಿನಿಂದ ಅಳೆಯಬೇಕು. ಉದಾಹರಣೆಗೆಂದು ಕೆಲವು ಅಂಕೆಗಳನ್ನು ಹಿಡಿಯೋಣ. ಇವು ಪೇಟೆಯ ದರಗಳಲ್ಲ. ಒಂದು ಎ.ಟಿ. ಟೈರಿಗೆ 6,000 ರೂಪಾಯಿ, ಅದು 50,000 ಕಿ.ಮೀ. ಬಾಳಿದರೆ ಕಿಲೋಮೀಟರಿಗೆ 12 ಪೈಸೆ. ಒಂದು ಎಂ.ಟಿ. ಟೈರಿಗೆ 9,000 ರೂಪಾಯಿ, ಅದು 30,000 ಕಿ.ಮೀ. ಬಾಳಿದರೆ 30 ಪೈಸೆ. ನಾಲ್ಕು ಗಾಲಿಗೆ 48 ಪೈಸೆ ಒಂದು ಕಡೆ, 1 ರೂಪಾಯಿ 20 ಪೈಸೆ ಇನ್ನೊಂದು ಕಡೆ. ವರ್ಷಕ್ಕೆ 10,000 ಕಿ.ಮೀ. ಓಡಿದರೆ ವ್ಯತ್ಯಾಸ 7,200 ರೂಪಾಯಿ. ಹೆಚ್ಚು ಕುಡಿದ ಡೀಸೆಲ್ ಲೆಕ್ಕ ಇದರಲ್ಲಿ ಸೇರಿಲ್ಲ. ಈ ಹಣದಲ್ಲಿ ದಾರಿಯ ಅತಿ ಕೆಟ್ಟ ತಗ್ಗಿಗೆ ಕೆಲವು ಟ್ರಾಲಿ ಗರಸು ಹಾಕಿಸಬಹುದು. ಆ ಗರಸು ನಿಮಗಷ್ಟೇ ಅಲ್ಲ, ಹಿಂದೆ ಬರುವ ಹತ್ತು ಬಂಡಿಗಳಿಗೂ ಉಪಯೋಗ.

ಹಳೆಯ ಟೈರು ಕೊಳ್ಳುವವರು ಬೆಳಕಿನಲ್ಲಿ ಒಳಗೂ ಹೊರಗೂ ಕೈಯಾಡಿಸಿ ನೋಡಿರಿ. ಪಕ್ಕೆಯಲ್ಲಿ ಬಿರುಕು, ಉಬ್ಬು, ಹೊಲಿಗೆ ಇದ್ದರೆ ಬಿಟ್ಟುಬಿಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ರಬ್ಬರು ಬೇಗ ಮುಪ್ಪಾಗುತ್ತದೆ. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ಪರೀಕ್ಷಿಸಬೇಕು. ಹತ್ತು ವರ್ಷ ಆದದ್ದನ್ನು, ಬಟನ್ ಉಳಿದಿದ್ದರೂ, ತೆಗೆದುಹಾಕಬೇಕು. ರಿಟ್ರೆಡ್ ಮಾಡಿದ ಟೈರು ಟ್ರಾಲಿಗೆ, ಟ್ರಾಕ್ಟರಿನ ಹಿಂಗಾಲಿಗೆ ನಡೆಯುತ್ತದೆ. ಜೀಪಿನ ಮುಂಗಾಲಿಗೆ ಹಾಕಬೇಡಿ. ಓಟದಲ್ಲಿ ಅದು ಕಳಚಿದರೆ ಸ್ಟೇರಿಂಗು ಕೈಗೆ ಸಿಗುವುದಿಲ್ಲ.

ಸಾಲಿನ ಆಳ 1.6 ಮಿ.ಮೀ.ಗೆ ಇಳಿದರೆ ಟೈರಿನ ಆಯುಷ್ಯ ಮುಗಿಯಿತೆಂದೇ ಕಾನೂನು. ಸಾಲಿನೊಳಗಿನ ಸಣ್ಣ ಉಬ್ಬು ಬಟನ್ನಿನ ಮಟ್ಟಕ್ಕೆ ಬಂದರೆ ಅದೇ ಗುರುತು. ಕೆಸರಿನ ಕೆಲಸಕ್ಕೆ ಮಾತ್ರ 4 ಮಿ.ಮೀ. ಉಳಿದಾಗಲೇ ಅದರ ಶಕ್ತಿ ಕುಂದಿರುತ್ತದೆ. ಆದ್ದರಿಂದ ಟೈರು ಬದಲಿಸುವುದಿದ್ದರೆ ಮುಂಗಾರಿನ ಮೊದಲು ಬದಲಿಸಿರಿ.

ಗಾಳಿಯೇ ಅರ್ಧ ಟೈರು

ಹೊಸ ಟೈರಿಗಿಂತ ಮೊದಲು ಕೊಳ್ಳತಕ್ಕ ವಸ್ತುಗಳು ಎರಡು: ಗಾಳಿ ಅಳೆಯುವ ಗೇಜು, ಬ್ಯಾಟರಿಯಿಂದ ನಡೆಯುವ ಅಥವಾ ಕಾಲಿನಿಂದ ಒತ್ತುವ ಪಂಪು. ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿದ್ದಾಗ ಅಳೆಯಬೇಕು. ಓಡಿ ಬಿಸಿಯಾದಾಗ ಗಾಳಿ ಏರಿದಂತೆ ಕಂಡರೂ ಬಿಡಬಾರದು.

ರಸ್ತೆಯಲ್ಲಿ 30 ಪೌಂಡು ಬೇಡುವ ಜೀಪಿಗೆ ಹಸಿ ಎರಿಯಲ್ಲಿ 20ರ ಸುಮಾರಿಗೆ, ಮರಳಿನಲ್ಲಿ 18ರವರೆಗೆ ಇಳಿಸಬಹುದು. ಆದರೆ ಈ ನಾಲ್ಕು ನಿಯಮಗಳನ್ನು ಪಾಲಿಸತಕ್ಕದ್ದು.

1. ಹೇರು ತುಂಬಿದ ವಾಹನದಲ್ಲಿ ಗಾಳಿ ಇಳಿಸಬಾರದು. ಮೊದಲು ಹೇರು ಇಳಿಸಿರಿ.
2. ಇಳಿಸಿದ ಮೇಲೆ ಗಂಟೆಗೆ 20 ಕಿಲೋಮೀಟರು ಮೀರಬಾರದು, ತಟ್ಟನೆ ತಿರುಗಿಸಬಾರದು.
3. ತೆಳುವಾದ ರಾಡಿಯ ಕೆಳಗೆ ಗಟ್ಟಿ ಗರಸು ಇದ್ದರೆ, ಚೂಪುಗಲ್ಲು ಇದ್ದರೆ ಇಳಿಸುವುದು ಬೇಡ.
4. ಡಾಂಬರು ಮುಟ್ಟಿದ ಕೂಡಲೇ ನಿಂತು ಮೊದಲಿನಷ್ಟು ತುಂಬಿರಿ. ಗಾಳಿ ಕಡಿಮೆಯಿರುವ ಟೈರು ವೇಗದಲ್ಲಿ ಕಾದು ಸಿಡಿಯುತ್ತದೆ. ಪಂಪಿಲ್ಲದವರು ಗಾಳಿ ಇಳಿಸುವ ಯೋಚನೆಯನ್ನೇ ಮಾಡಬಾರದು.

ಕೆಸರಿಗೆ ಇಳಿಯುವ ಮೊದಲೇ ಫೋರ್ ವೀಲ್ ಹಾಕಿ, ಎರಡನೇ ಗೇರಿನಲ್ಲಿ, ಒಂದೇ ಸಮನೆ ಹೋಗಬೇಕು. ಗಾಲಿ ಗಿರಗಿರ ತಿರುಗಿದರೆ ತಕ್ಷಣ ಕಾಲು ತೆಗೆಯಿರಿ. ತಿರುಗುವ ಗಾಲಿ ತನ್ನ ಗುಂಡಿಯನ್ನು ತಾನೇ ತೋಡುತ್ತದೆ.

ಮುಳ್ಳು ಮತ್ತು ಕೂಳೆ

ನಮ್ಮ ದಾರಿಗಳ ಎರಡೂ ಬದಿಗೆ ಬಳ್ಳಾರಿ ಜಾಲಿ. ಹೊಲದೊಳಗೆ ಓರೆಯಾಗಿ ಕತ್ತರಿಸಿದ ತೊಗರಿ ಮತ್ತು ಹತ್ತಿಯ ಕೂಳೆ. ಕಲ್ಲಿಗಿಂತ ಹೆಚ್ಚು ಟೈರು ಕೆಡಿಸುವವು ಇವೇ. ಒಣಗಿದ ಕೂಳೆ ಗೂಟದಂತೆ ಪಕ್ಕೆಯನ್ನು ತೂರುತ್ತದೆ. ಮೈಯಲ್ಲಿ ಆದ ತೂತನ್ನು ಮುಚ್ಚಬಹುದು. ಪಕ್ಕೆಯಲ್ಲಿ ಆದದ್ದನ್ನು ಮುಚ್ಚಿ ರಸ್ತೆಗೆ ತರುವುದು ಅಪಾಯ. ಕೂಳೆ ಇರುವ ಹೊಲದಲ್ಲಿ ಸಾಲಿನ ಗುಂಟ ಹೋಗಿರಿ, ಅಡ್ಡ ಹಾಯಬೇಡಿ. ಗಾಳಿಯನ್ನೂ ಇಳಿಸಬೇಡಿ, ಇಳಿಸಿದರೆ ಪಕ್ಕೆ ಉಬ್ಬಿ ಕೂಳೆಗೆ ಮೈಯೊಡ್ಡುತ್ತದೆ. ಟ್ಯೂಬಿಲ್ಲದ ಟೈರಿನಲ್ಲಿ ಮುಳ್ಳು ನಟ್ಟರೂ ಗಾಳಿ ನಿಧಾನವಾಗಿ ಹೋಗುತ್ತದೆ. ಬತ್ತಿ ಹಾಕಿ ಊರು ಮುಟ್ಟಬಹುದು. ಬತ್ತಿಯ ಪೆಟ್ಟಿಗೆ ಸದಾ ವಾಹನದಲ್ಲಿರಲಿ.

ಫೋರ್ ವೀಲ್ ಟ್ರಾಕ್ಟರ್ ಇದ್ದವರಿಗೆ

ಫೋರ್ ವೀಲ್ ಟ್ರಾಕ್ಟರಿನಲ್ಲಿ ಮುಂಗಾಲಿ ಚಿಕ್ಕದು, ಹಿಂಗಾಲಿ ದೊಡ್ಡದು. ಆದರೆ ಮುಂಗಾಲಿ ನೂರಕ್ಕೆ ಒಂದರಿಂದ ಐದರಷ್ಟು ಮಾತ್ರ ಮುಂದೋಡುವಂತೆ ತಯಾರಕರು ಗೇರನ್ನು ಹೊಂದಿಸಿರುತ್ತಾರೆ. ಸಿಕ್ಕಿತೆಂದು ಬೇರೆ ಅಳತೆಯ ಮುಂದಿನ ಟೈರು ಹಾಕಿದರೆ ಈ ಹೊಂದಾಣಿಕೆ ತಪ್ಪಿ ಮುಂದಿನ ಎಕ್ಸೆಲ್ ಕೆಡುತ್ತದೆ. ಒಣ ಬೇಸಾಯಕ್ಕೆ ಆರ್–1 ಎಂಬ ಸಾಧಾರಣ ಬಟನ್ ಸಾಕು. ಆರ್–2 ಎಂಬುದು ಸುಮಾರು ಎರಡರಷ್ಟು ಎತ್ತರದ ಬಟನ್ನಿನದು, ಗದ್ದೆಯಲ್ಲೇ ದುಡಿಯುವ ಟ್ರಾಕ್ಟರಿಗೆ. ಅದನ್ನು ಡಾಂಬರಿನ ಮೇಲೆ ಟ್ರಾಲಿ ಎಳೆಯಲು ಬಳಸಿದರೆ ಬೇಗ ಸವೆದು ಹೋಗುತ್ತದೆ. ಕೇಜ್ ವೀಲ್‌ಗಳನ್ನು ಗದ್ದೆಯ ಬದುವಿನಲ್ಲೇ ತೆಗೆದಿಡಿ. ಅವುಗಳೊಡನೆ ರಸ್ತೆಗೆ ಬಂದರೆ ಊರಿನ ರಸ್ತೆ ಹಾಳಾಗುತ್ತದೆ.

ಹೋಗದಿರುವುದೂ ಒಂದು ಜಾಣತನ

ಹಸಿ ಎರಿ ಹೊಲದಲ್ಲಿ ಒಂದು ಸಲ ವಾಹನ ಹಾಯ್ದರೆ ಆ ಜಾಡಿನ ಮಣ್ಣು ಒತ್ತಿಕೊಂಡು ಬೇರು ಇಳಿಯದಂತಾಗುತ್ತದೆ. ಇಳಿಜಾರಿನ ಗುಂಟ ಬಿದ್ದ ಗಾಲಿಯ ಜಾಡು ಮುಂದಿನ ಮಳೆಗೆ ನೀರಿನ ಕಾಲುವೆಯಾಗಿ, ಮೇಲ್ಮಣ್ಣನ್ನು ಹೊತ್ತೊಯ್ದು, ಕೊನೆಗೆ ಕೊರಕಲಾಗುತ್ತದೆ. ಎಷ್ಟೇ ಒಳ್ಳೆಯ ಟೈರಿದ್ದರೂ ತುರ್ತಿಲ್ಲದಾಗ ಮಳೆ ನಿಂತ ಮೇಲೆ ನೆಲ ಆರುವವರೆಗೆ ಕಾಯುವುದೇ ಲಾಭ. ಹೊಲಕ್ಕೆ ಒಂದೇ ಕಾಯಂ ದಾರಿ ಇಟ್ಟುಕೊಂಡು, ಅದಕ್ಕೆ ಗರಸು ಹಾಕಿ, ಬದಿಗೆ ನೀರು ಹೋಗಲು ಕಾಲುವೆ ತೆಗೆದರೆ ಅದು ಟೈರಿಗಿಂತ ಹೆಚ್ಚು ಕಾಲ ಬಾಳುತ್ತದೆ. ಒಳ್ಳೆಯ ಟೈರು ಇರುವುದು ಕಾಯಲಾಗದ ಆ ಒಂದು ರಾತ್ರಿಗಾಗಿ ಎಂದು ತಿಳಿಯಿರಿ.

ರೈತರ ಪ್ರಶ್ನೆಗಳು

ಪ್ರಶ್ನೆ: ಹಿಂದಿನ ಎರಡಕ್ಕೆ ಮಾತ್ರ ಕೆಸರಿನ ಟೈರು ಹಾಕಿದರೆ ಆಗದೇ ಸರ್?
ಉತ್ತರ: ಬೇಡ. ಸುತ್ತಳತೆ ಬೇರೆಯಾದರೆ ಗೇರುಗಳಿಗೆ ಪೆಟ್ಟು. ಮುಂಗಾಲಿ ಜಾರಿದರೆ ತಿರುವಿನಲ್ಲಿ ವಾಹನ ನೇರವಾಗಿ ಹಳ್ಳಕ್ಕೆ ಹೋಗುತ್ತದೆ. ಹಣ ಕಡಿಮೆಯಿದ್ದರೆ ನಾಲ್ಕಕ್ಕೂ ಕಡಿಮೆ ದರದ ಎ.ಟಿ. ಹಾಕಿರಿ.

ಪ್ರಶ್ನೆ: ನನ್ನದು ಹಿಂದಿನ ಎರಡು ಗಾಲಿ ಮಾತ್ರ ಎಳೆಯುವ ಗಾಡಿ. ಎ.ಟಿ.ಯಿಂದ ಉಪಯೋಗವಿದೆಯೇ?
ಉತ್ತರ: ಇದೆ. ಗರಸು, ಕಲ್ಲುದಾರಿಯಲ್ಲಿ ಬಾಳಿಕೆ ಹೆಚ್ಚು, ಹಸಿಯಲ್ಲಿ ಹಿಡಿತವೂ ಸ್ವಲ್ಪ ಹೆಚ್ಚು. ಆದರೆ ಅದು ನಾಲ್ಕು ಗಾಲಿಯ ಎಳೆತಕ್ಕೆ ಸಮವಾಗದು.

ಪ್ರಶ್ನೆ: ಗಾಲಿಗೆ ಸರಪಳಿ ಕಟ್ಟಿದರೆ?
ಉತ್ತರ: ತುರ್ತಿಗೆ ಒಳ್ಳೆಯ ಉಪಾಯ, ಖರ್ಚೂ ಕಡಿಮೆ. ಅಳತೆಗೆ ಸರಿಯಾದದ್ದನ್ನು ಬಿಗಿಯಾಗಿ ಕಟ್ಟಿ, ನಿಧಾನ ಹೋಗಿ, ಗಟ್ಟಿ ರಸ್ತೆ ಬಂದ ಕೂಡಲೇ ಬಿಚ್ಚಿರಿ. ಸಡಿಲವಾದ ಸರಪಳಿ ಬ್ರೇಕಿನ ಕೊಳವೆಯನ್ನು ಹರಿಯಬಹುದು.

ಪ್ರಶ್ನೆ: ಟ್ರಾಕ್ಟರಿನ ಟೈರಿಗೆ ನೀರು ತುಂಬುತ್ತೇವೆ. ಜೀಪಿಗೂ ತುಂಬಬಹುದೇ?
ಉತ್ತರ: ಕೂಡದು. ಟ್ರಾಕ್ಟರು ನಿಧಾನ ಹೋಗುತ್ತದೆ, ಅದಕ್ಕೆ ಎಳೆಯಲು ಭಾರ ಬೇಕು. ವೇಗದಲ್ಲಿ ಓಡುವ ಜೀಪಿನಲ್ಲಿ ನೀರಿನ ಭಾರದಿಂದ ಬ್ರೇಕು, ಸ್ಟೇರಿಂಗು ಎರಡೂ ಕೆಡುತ್ತವೆ.

ಪ್ರಶ್ನೆ: ನೈಟ್ರೋಜನ್ ಗಾಳಿಗೆ ಹಣ ಕೊಡಬೇಕೇ?
ಉತ್ತರ: ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಪುಕ್ಕಟೆ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ಅಳೆದು ಸರಿಯಾಗಿಟ್ಟರೆ ಸಾಕು.

ಬಾಂಧವರೆ, ಹೇಳಿದ್ದನ್ನು ಚಿಕ್ಕದಾಗಿ ಕೂಡಿಸುತ್ತೇನೆ. ನಿಮ್ಮ ದಾರಿಯನ್ನು ಅಳೆಯಿರಿ. ತಯಾರಕರ ಅಳತೆಯಲ್ಲೇ, ಹೆಚ್ಚಿನವರು ಎ.ಟಿ. ಜಾತಿಯ ನಾಲ್ಕು ಒಂದೇ ಬಗೆಯ ಟೈರು ಕೊಳ್ಳಿರಿ. ಹುಟ್ಟಿದ ದಿನವನ್ನೂ ಭಾರದ ಅಂಕೆಯನ್ನೂ ಓದಿ ಹಣ ಕೊಡಿರಿ. ಗೇಜು ಮತ್ತು ಪಂಪನ್ನು ವಾಹನದಲ್ಲಿಡಿ. ಉಳಿದ ಹಣವನ್ನು ದಾರಿಯ ಗರಸಿಗೆ ಹಾಕಿರಿ. ಮುಂಗಾರು ಬರುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮ ವಾಹನದ ಐದೂ ಟೈರುಗಳನ್ನು ಪರೀಕ್ಷಿಸಬೇಕೆಂದು ಕೋರುತ್ತೇನೆ.